ಸಿದ್ದು, ಮಲ್ಲಾಜಮ್ಮನ ಅಂಗಡಿ ಪಕ್ಕ, ನಂಜನಗೂಡು

ತಿ. ನರಸೀಪುರದ ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡುತ್ತಿದ್ದ ರೋಜಮ್ಮನಿಗೆ ವಿಳಾಸದ ಹುಚ್ಚು. ಅರ್ಜಿಯಲ್ಲಿ ಏನು ಕೇಳಿಕೊಂಡಿದ್ದಾರೆ ಅನ್ನುವುದು ಆಮೇಲಿನ ಮಾತು. ಯಾರು ಬರೆದರು, ಎಲ್ಲಿ ಇರುತ್ತಾರೆ, ಅಮಲ್ದಾರರ ಜವಾನ ನೋಟೀಸು ಹಿಡಿದು ಬಂದರೆ ಮನೆ ಹುಡುಕುವುದು ಹೇಗೆ ಅನ್ನುವುದು ಮೊದಲು. ಗ್ರಾಮ, ಹೋಬಳಿ, ತಾಲ್ಲೂಕು ಹೇಳಿ ಸುಮ್ಮನಾದವರನ್ನು ಅವಳು ಬಿಡುತ್ತಿರಲಿಲ್ಲ. ಯಾವ ಬೀದಿ, ಯಾವ ಗುಡಿಯ ಹಿಂದೆ, ಯಾರ ಮನೆಯ ಪಕ್ಕ ಎಂದು ಕೇಳಿ ಕೇಳಿ ಎದುರಿಗೆ ಕೂತವರ ಪ್ರಾಣ ತೆಗೆಯುತ್ತಿದ್ದಳು. ಫೋನಿಲ್ಲದವರಿಂದ ಪಕ್ಕದ ಮನೆಯವರ ನಂಬರನ್ನಾದರೂ ತರಿಸಿ, ಮುಂದೆ ಪಿ.ಪಿ. ಎಂದು ಸೇರಿಸುತ್ತಿದ್ದಳು. ವಿಳಾಸವಿಲ್ಲದ ಅರ್ಜಿಗೆ ಕಚೇರಿಯಲ್ಲಿ ಮೂಗರ್ಜಿ ಎಂದು ಹೆಸರು. ಅದಕ್ಕೆ ನಂಬರು ಬೀಳುವುದಿಲ್ಲ, ಉತ್ತರ ಬರುವುದಿಲ್ಲ, ಗುಮಾಸ್ತರು ಅದನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಮೇಜಿನ ಕಾಲಿಗೆ ಕೊಡುತ್ತಾರೆ. ಹಾಗಾಗಿ ರೋಜಮ್ಮನ ಕೈಯಿಂದ ಹೋದ ಕಾಗದ ಎಂದರೆ ಆ ಕಚೇರಿಯಲ್ಲಿ ಒಂದು ಬೆಲೆ ಇತ್ತು. ಅದರಲ್ಲಿರುವ ಮನುಷ್ಯ ಇದ್ದೇ ಇರುತ್ತಾನೆ, ಹೇಳಿದ ಕಡೆಯೇ ಇರುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು.

ಅವಳು ಹುಟ್ಟಿದ್ದು ಬಿಳಿಗೆರೆ ಹೋಬಳಿಯಲ್ಲಿ, ಮಾರಯ್ಯ ಸಾಕಮ್ಮ ಎಂಬ ಕೂಲಿಯವರ ಹಿರಿಮಗಳಾಗಿ. ಎಸ್ಸೆಸ್ಸೆಲ್ಸಿ ಆದ ಮೇಲೆ ನಂಜನಗೂಡಿಗೆ ನಡೆದು ಬಂದು ಟೈಪಿಂಗ್ ಕಲಿತಳು. ತೊಂಬತ್ತೊಂದನೇ ಇಸವಿಯ ಹೊತ್ತಿಗೆ ನರಸೀಪುರಕ್ಕೆ ಮದುವೆಯಾಗಿ ಹೋದಳು. ಗಂಡ ಕಾಮಾಲೆಯಲ್ಲಿ ಬೇಗ ತೀರಿಕೊಂಡ. ತವರಿನಲ್ಲಿ ಅಪ್ಪ, ಆಮೇಲೆ ಅವ್ವ ಹೋದರು. ಉಳಿದವನು ತಮ್ಮ ಸಿದ್ದು, ಅವಳಿಗಿಂತ ತುಂಬಾ ಚಿಕ್ಕವನು. ಅವನ ಮೂಗು ಒರೆಸಿದ್ದು, ಶಾಲೆಗೆ ಸೇರಿಸಿದ್ದು, ಐಟಿಐನಲ್ಲಿ ಫಿಟ್ಟರ್ ಓದಿಸಿದ್ದು ಎಲ್ಲ ಆ ಹಳೆಯ ಟೈಪ್‌ರೈಟರೇ. ಈಗ ಅವನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸಗಾರ. ಊರೊಳಗೆ ಮಂಟೇಸ್ವಾಮಿ ಗುಡಿಯ ಹಿಂದೆ ಒಂದು ಕೋಣೆ ಬಾಡಿಗೆ ಹಿಡಿದಿದ್ದ. ಪಕ್ಕದಲ್ಲಿ ಮಲ್ಲಾಜಮ್ಮ ಎಂಬ ವಯಸ್ಸಾದ ಹೆಂಗಸಿನ ದಿನಸಿ ಅಂಗಡಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಅವಳ ಅಂಗಡಿಯ ಫೋನೇ ಸಿದ್ದುವಿನ ಪಿ.ಪಿ. ನಂಬರು. ಭಾನುವಾರ ರೋಜಾ ಫೋನು ಮಾಡಿದರೆ ಮಲ್ಲಾಜಮ್ಮ ಗೋಡೆ ತಟ್ಟಿ ಅವನನ್ನು ಕರೆಯುತ್ತಿದ್ದಳು. ಅವನು ಬರುವ ತನಕ ತಾನೇ ಮಾತಾಡುತ್ತಿದ್ದಳು, ಬಂದ ಮೇಲೂ ರಿಸೀವರ್ ಕೊಡುವುದಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಎರಡು ಸಾವಿರದ ನಾಲ್ಕರ ಸುಮಾರಿಗೆ ಹರಿಗೋಲಿನ ರಂಗನಾಯಕ ರೋಜಾಳ ಮೇಜಿನ ಮುಂದೆ ಬಂದು ಕೂತ. ಕಪಿಲೆ ಕಾವೇರಿಯನ್ನು ಸೇರುವ ಜಾಗಕ್ಕೆ ಸ್ವಲ್ಪ ಮೇಲೆ, ನದಿಯ ದಡದ ಹಳ್ಳಿಯವನು, ಮೀನು ಹಿಡಿದು ಬದುಕುವವನು. ಪಂಚೆ ಎತ್ತಿ ಕಾಲು ತೋರಿಸಿದ. ಮೊಣಕಾಲಿನ ಕೆಳಗೆ ಚರ್ಮ ಸುಲಿದು ಕೆಂಪಗಾಗಿತ್ತು.

"ಮಳೆ ಉಯ್ದ ಮಾರ್ನೇ ದಿಸ ನೊರೆ ಬತ್ತದೆ ಕಣವ್ವ. ಮೀನು ಒಟ್ಟೆ ಮೇಲಾಗಿ ತೇಲ್ತವೆ. ಮಕ್ಳು ಮೈ ಕೆರ್ಕತವೆ," ಅಂದ.

ರೋಜಾ ಅರ್ಜಿ ಟೈಪು ಮಾಡಿದಳು. ಒಂದಾದ ಮೇಲೆ ಒಂದು ಕಚೇರಿಗೆ ಹೋಯಿತು. ನೀರಿನ ಮಾದರಿ ಪರೀಕ್ಷಿಸಲಾಗಿದೆ, ಮಿತಿಯೊಳಗೆ ಇದೆ ಎಂದು ಉತ್ತರ ಬಂತು. ಮಾದರಿ ತೆಗೆದುಕೊಂಡದ್ದು ಬಿಸಿಲು ಕಾಯುವ ದಿನ. ಮಳೆಯಲ್ಲಿ ನದಿಗೆ ಇಳಿಯುವ ಅಧಿಕಾರಿ ಇನ್ನೂ ಹುಟ್ಟಿರಲಿಲ್ಲ.

ಆ ನೊರೆ ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಹೇಳಿದವನು ಸಿದ್ದು. ಅವನು ಕೆಲಸ ಮಾಡುವ ಕಾರ್ಖಾನೆಯಲ್ಲೇ ಹಿಂದಿನ ಗೋಡೆಯಿಂದ ಹಳ್ಳಕ್ಕೆ ಒಂದು ಪೈಪು ಹೋಗುತ್ತಿತ್ತು. ಹಳ್ಳ ಕಪಿಲೆಗೆ ಸೇರುತ್ತಿತ್ತು. ದಿನವೂ ಸ್ವಲ್ಪ ಬಿಡುವುದು, ಮಳೆ ಬಂದರೆ ಪೂರಾ ಬಿಡುವುದು. ಸಿದ್ದು ಯಾರದೋ ಕ್ಯಾಮೆರಾ ಇಸಕೊಂಡು ಫೋಟೋ ತೆಗೆದು ಅಕ್ಕನಿಗೆ ತಂದುಕೊಟ್ಟ. ಕೊಡುವಾಗ ಹೇಳಿದ್ದು ಒಂದೇ ಮಾತು: "ನನ್ನೆಸ್ರು ಎಲ್ಲೂ ಬರ್ಬಾರ್ದು ಕಣಕ್ಕ. ಗೊತ್ತಾದ್ರೆ ಅದೇ ಹಳ್ಳಕ್ಕೆ ನನ್ನೂ ಬುಡ್ತಾರೆ."

"ನಾನ್ ಬರ್ದೇನಾ?" ಅಂದಳು ರೋಜಾ.

ಬರೆದಳು. ಅದೇ ಈ ಕಥೆ.

ನರಸೀಪುರದಲ್ಲಿ ಮರಿಸ್ವಾಮಿ ಎಂಬುವವನು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಅರ್ಜಿಗಳಿಗೆ ಉತ್ತರವಿಲ್ಲ ಅಂದರೆ ಇಂಟರ್ನೆಟ್ಟಿನಲ್ಲಿ ಹಾಕೋಣ, ಪೇಪರಿನವರು ನೋಡುತ್ತಾರೆ, ಬೆಂಗಳೂರಿನವರು ನೋಡುತ್ತಾರೆ ಎಂದು ಐಡಿಯಾ ಕೊಟ್ಟವನು ಅವನೇ. ಕಪಿಲೆಯ ಹೆಸರಿನಲ್ಲಿ ಒಂದು ವೆಬ್‌ಸೈಟು. ಆ ಹೆಸರನ್ನು ಮೈಸೂರಿನ ಒಬ್ಬ ಏಜೆಂಟನ ಮೂಲಕ ನೋಂದಾಯಿಸಬೇಕು, ಅದಕ್ಕೊಂದು ಫಾರಂ. ನೋಂದಣಿ ಎಂಬ ಮಾತು ಕಿವಿಗೆ ಬಿದ್ದದ್ದೇ ರೋಜಾಳ ಬೆನ್ನು ನೆಟ್ಟಗಾಯಿತು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಎಷ್ಟು ಪತ್ರ ಬರೆದುಕೊಟ್ಟಿದ್ದಾಳೋ ಅವಳಿಗೇ ಲೆಕ್ಕವಿಲ್ಲ.

ಫಾರಂನಲ್ಲಿ ನಾಲ್ಕು ಜನರ ಹೆಸರು, ವಿಳಾಸ, ಫೋನು ಕೇಳಿತ್ತು. ಮಾಲೀಕರು, ಆಡಳಿತಕ್ಕೊಬ್ಬರು, ತಾಂತ್ರಿಕ ವಿಷಯಕ್ಕೊಬ್ಬರು, ಬಿಲ್ಲಿಗೊಬ್ಬರು. ಕೆಳಗೆ ಸಣ್ಣಕ್ಷರದಲ್ಲಿ ಸುಳ್ಳು ಮಾಹಿತಿ ಕೊಟ್ಟರೆ ಹೆಸರು ರದ್ದಾಗುತ್ತದೆ ಎಂದು ಎಚ್ಚರಿಕೆ.

"ನಾಲ್ಕೂ ಕಡೆ ನಿಮ್ಮೆಸ್ರೇ ಆಕಿ ಅಕ್ಕ. ಎಲ್ರೂ ಅಂಗೇ ಮಾಡದು," ಅಂದ ಮರಿಸ್ವಾಮಿ.

ರೋಜಾ ಅವನನ್ನು ಎಳೆಮಗುವನ್ನು ನೋಡುವಂತೆ ನೋಡಿದಳು. "ಕ್ರಯಪತ್ರದಲ್ಲಿ ಬರ್ಕೊಟ್ಟೋನೇ ಸಾಕ್ಷಿ ಆಕಕ್ಕಾಯ್ತದಾ? ಬಿಕ್ಕಲಂನೋನೇ ಬರೆಸ್ಕಂಡೋನು ಆಯ್ತಾನಾ? ನಾಳೆ ಯಾರಾದ್ರೂ ತಕರಾರು ಎತ್ತಿದ್ರೆ ಪತ್ರ ನಿಲ್ತದಾ?"

ಮರಿಸ್ವಾಮಿಗೆ ಬಿಕ್ಕಲಂ ಅಂದರೆ ಪತ್ರ ಬರೆದವನ ರುಜು ಎಂಬುದೂ ಗೊತ್ತಿರಲಿಲ್ಲ. ಪೆನ್ನನ್ನು ಅವಳ ಕಡೆ ತಳ್ಳಿದ. ಅವಳು ಪದ್ಧತಿಯ ಪ್ರಕಾರ ತುಂಬಿದಳು. ಮಾಲೀಕ ರಂಗನಾಯಕ. ಆಡಳಿತಕ್ಕೆ ತಾನು. ಬಿಲ್ಲಿಗೆ ಮರಿಸ್ವಾಮಿ. ತಾಂತ್ರಿಕಕ್ಕೆ ಯಾರು? ಅವಳಿಗೆ ಗೊತ್ತಿದ್ದ ಟೆಕ್ನಿಕಲ್ ಮನುಷ್ಯ ಒಬ್ಬನೇ, ಐಟಿಐ ಪಾಸಾದವನು. ಪೆನ್ನು ಒಂದು ಗಳಿಗೆ ನಿಂತಿತು. ವೆಬ್‌ಸೈಟಿನಲ್ಲಿ ತಮ್ಮನ ಹೆಸರು ಬಾರದ ಹಾಗೆ ಅವಳು ಬಹಳ ಜೋಪಾನ ಮಾಡಿದ್ದಳು, ಫೋಟೋ ತೆಗೆದವರು ಯಾರು ಎಂದು ಎಲ್ಲೂ ಹಾಕಿರಲಿಲ್ಲ. ಆದರೆ ಇದು ಕಚೇರಿಗೆ ಹೋಗುವ ಫಾರಂ. ಕಚೇರಿಗೆ ಹೋದ ಕಾಗದ ಏನಾಗುತ್ತದೆ ಎಂದು ಅವಳಿಗಿಂತ ಬಲ್ಲವರು ಯಾರು? ಕಡತಕ್ಕೆ ಸೇರುತ್ತದೆ, ಕಡತ ಬೀರುವಿಗೆ ಸೇರುತ್ತದೆ, ಬೀರುವಿನ ಬೀಗದ ಕೈ ರಜೆಯ ಮೇಲೆ ಹೋದವನ ಹತ್ತಿರ ಇರುತ್ತದೆ. ಸ್ವಂತ ಜಮೀನಿನ ಪಹಣಿಯ ನಕಲಿಗೆ ಜನ ತಿಂಗಳುಗಟ್ಟಲೆ ಅಲೆಯುವುದನ್ನು ದಿನಾ ನೋಡುತ್ತಿದ್ದವಳು ಅವಳು. ಕೇಳಿದವರಿಗೆಲ್ಲ ಕಡತ ಬಿಚ್ಚಿ ತೋರಿಸುವ ಕಚೇರಿಯೊಂದು ಭೂಮಿಯ ಮೇಲಿದೆ ಎಂದು ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ.

ಬರೆದಳು. ಸಿದ್ದು, ಮಂಟೇಸ್ವಾಮಿ ಗುಡಿ ಹಿಂಭಾಗ, ಮಲ್ಲಾಜಮ್ಮನ ಅಂಗಡಿ ಪಕ್ಕ, ನಂಜನಗೂಡು. ಪಿ.ಪಿ. ನಂಬರು ಇಂಥದ್ದು.

ವೆಬ್‌ಸೈಟು ಬಂತು. ಅರ್ಜಿಗಳ ಪ್ರತಿ, ಸತ್ತ ಮೀನು, ರಂಗನಾಯಕನ ಕಾಲು, ಪೈಪಿನ ಫೋಟೋ. ಮೈಸೂರಿನ ಒಂದು ಪತ್ರಿಕೆ ಒಳಪುಟದಲ್ಲಿ ಸಣ್ಣದಾಗಿ ಬರೆಯಿತು. ರೋಜಾ ಅದನ್ನು ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡು ಒಂದು ವಾರ ಹಿಗ್ಗಿನಲ್ಲಿದ್ದಳು. ಅವಳ ಜೀವನದಲ್ಲಿ ಹೆದರಿಕೆಯಿಲ್ಲದ ಕೊನೆಯ ವಾರ ಅದು.

ಮುಂದಿನ ಭಾನುವಾರ ಎಸ್‌ಟಿಡಿ ಬೂತಿನಿಂದ ನಂಜನಗೂಡಿಗೆ ಫೋನು ಮಾಡಿದಳು. ಮಲ್ಲಾಜಮ್ಮ ಎತ್ತಿದವಳೇ ಗೋಡೆ ತಟ್ಟುವುದನ್ನು ಬಿಟ್ಟು ದನಿ ತಗ್ಗಿಸಿದಳು.

"ನಿನ್ ತಮ್ಮನ್ಗೆ ಕಾಲ ಕೂಡ್ ಬಂತು ಕಣವ್ವ. ಎಣ್ಣಿನ ಕಡೆಯೋರು ಪೋನ್ ಮಾಡಿದ್ರು."

"ಯಾವೂರೋರಂತೆ?"

"ಊರು ಏಳ್ನಿಲ್ಲ. ಬಲೇ ಮರ್ಯಾದಸ್ತ ಕಣೆ, ನನ್ನ ಅಮ್ಮಾವ್ರೇ ಅಂದ. ವಿಳಾಸ ಅವನೇ ಓದ್ದ, ಮಂಟೇಸ್ವಾಮಿ ಗುಡಿ ಹಿಂಭಾಗ, ಮಲ್ಲಾಜಮ್ಮನ ಅಂಗಡಿ ಪಕ್ಕ, ಸರೀನಾ ಅಂದ. ಅವನ ಬಾಯಲ್ಲಿ ನನ್ನೆಸ್ರು ಕೇಳಿ ನಂಗೂ ಒಂಥರಾ ಆಯ್ತು."

"ಏನೇನ್ ಕೇಳ್ದ?"

"ಎಣ್ ಕೊಡೋರು ಏನ್ ಕೇಳ್ತಾರೋ ಅದೇ. ಎಲ್ಲಿ ಕೆಲ್ಸ, ಯಾವ ಸೆಕ್ಸನ್ನು, ಎಷ್ಟೊತ್ಗೆ ಓಯ್ತಾನೆ, ಎಷ್ಟೊತ್ಗೆ ಬತ್ತಾನೆ, ಯಾರ್ ಜೊತೆ ಓಡಾಡ್ತಾನೆ. ನಾನೇನೂ ಮುಚ್ಚಿಡ್ನಿಲ್ಲ. ಉಡುಗ ಚಿನ್ನ, ಕುಡಿಯಲ್ಲ ಸೇದಲ್ಲ, ಎರಡ್ನೇ ಪಾಳಿ ಮುಗಿಸ್ಕಂಡು ಹಳ್ಳದ ದಾರೀಲಿ ಒಬ್ನೇ ಸೈಕಲ್ ತುಳ್ಕಂಡು ಬತ್ತಾನೆ ಅಂದೆ. ಪೋಟೋ ಗೀಟೋ ತೆಗೀತಾನಾ ಅಂದ. ಓ, ಮೊನ್ನೆ ಕ್ಯಾಮ್ರಾ ತಂದಿದ್ದ, ನಂದೂ ಒಂದು ತೆಗ್ದ ಅಂದೆ. ನಕ್ಕ ಪಾಪ."

ಸಿದ್ದುವಿನ ರೇಷನ್ ಕಾರ್ಡು ಬಿಳಿಗೆರೆಯದು. ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವೂ ಬಿಳಿಗೆರೆಯದೇ. ಮಲ್ಲಾಜಮ್ಮನ ಅಂಗಡಿ ಪಕ್ಕ ಎಂದು ಈ ಲೋಕದಲ್ಲಿ ಬರೆದಿದ್ದು ಒಂದೇ ಕಾಗದದಲ್ಲಿ, ಒಂದೇ ಸಲ, ಅವಳ ಕೈಯಲ್ಲೇ. ಸಿದ್ದುವನ್ನು ಕರೆಯಿಸದೆ ಫೋನು ಇಟ್ಟಳು. ಬೂತಿನವನು ಚಿಲ್ಲರೆ ಕೊಟ್ಟದ್ದನ್ನು ತೆಗೆದುಕೊಳ್ಳದೆ ಮರಿಸ್ವಾಮಿಯ ಸೆಂಟರಿಗೆ ಓಡಿದಳು.

"ಆ ಫಾರಂ ಎಲ್ಲಿದೆ?"

"ಯಾವ್ದು?"

"ಹೆಸ್ರು ನೋಂದಣಿ ಮಾಡ್ಸಿದ್ವಲ್ಲ, ಅದು."

ಮರಿಸ್ವಾಮಿ ಏನೋ ಒಂದು ಪುಟ ತೆರೆದು, ಚೌಕದೊಳಗೆ ಅವರ ವೆಬ್‌ಸೈಟಿನ ಹೆಸರು ಬಡಿದ. ಗಡಿಯಾರದ ಮುಳ್ಳು ಅಲುಗುವಷ್ಟು ಹೊತ್ತೂ ಹಿಡಿಯಲಿಲ್ಲ, ಎಲ್ಲ ಬಂದು ನಿಂತಿತು. ರಂಗನಾಯಕ. ರೋಜಾ. ಅದರ ಕೆಳಗೆ ಸಿದ್ದು. ಇಂಗ್ಲಿಷ್ ಅಕ್ಷರದಲ್ಲಿ ಮಂಟೇಸ್ವಾಮಿ, ಇಂಗ್ಲಿಷ್ ಅಕ್ಷರದಲ್ಲಿ ಮಲ್ಲಾಜಮ್ಮ, ಅಂಗಡಿಯ ಫೋನ್ ನಂಬರು. ಪಿ.ಪಿ. ಎಂಬುದೂ ಬಿಟ್ಟಿರಲಿಲ್ಲ.

"ಇದನ್ನ ಬೇರೆಯೋರು ನೋಡ್ಬೋದಾ?"

"ಯಾರ್ ಬೇಕಾದ್ರೂ ನೋಡ್ಬೋದು ಅಕ್ಕ. ಅಮೆರಿಕದೋರೂ ನೋಡ್ಬೋದು, ಪಕ್ಕದ ಆಲಗೂಡಿನೋರೂ ನೋಡ್ಬೋದು."

"ಅರ್ಜಿ ಕೊಡ್ಬೇಕಾ?"

"ಬ್ಯಾಡ."

"ಯಾತಕ್ಕೆ ಅಂತ ಏಳ್ಬೇಕಾ?"

"ಬ್ಯಾಡ."

"ಯಾರು ನೋಡಿದ್ರು ಅಂತ ನಮ್ಗೆ ಗೊತ್ತಾಯ್ತದಾ?"

"ಇಲ್ಲ," ಅಂದ ಮರಿಸ್ವಾಮಿ. ಆ ಹೊತ್ತಿಗೆ ಅವನಿಗೂ ಅರ್ಥವಾಗಿತ್ತು. ಮುಖ ಸಣ್ಣದಾಯಿತು. "ನಂಗೂ ಇಷ್ಟೊಂದು ಬಿಚ್ಚಿ ತೋರಿಸ್ತದೆ ಅಂತ ಗೊತ್ತಿರ್ನಿಲ್ಲ ಅಕ್ಕ."

ಮೈಸೂರಿನ ಏಜೆಂಟನಿಗೆ ಅಲ್ಲಿಂದಲೇ ಫೋನು ಮಾಡಿದರು. ಅವನು ಒಳ್ಳೆಯವನೇ, ತಾಳ್ಮೆಯಿಂದ ಹೇಳಿದ. ಇದು ಪ್ರಪಂಚಕ್ಕೆಲ್ಲ ಒಂದೇ ಕಾನೂನು, ವೆಬ್‌ಸೈಟು ನಡೆಸುವವರು ಯಾರು ಎಂದು ಜನಕ್ಕೆ ತಿಳಿಯಬೇಕು, ಇಲ್ಲದಿದ್ದರೆ ಮೋಸ ಮಾಡಿದವನನ್ನು ಹಿಡಿಯುವುದು ಹೇಗೆ ಮೇಡಂ ಅಂದ. ಅದನ್ನು ಕೇಳಿ ರೋಜಾಳಿಗೆ ಅಳು ಬಂತು. ಕಚೇರಿಯ ಎದುರಿನ ಮರದ ಕೆಳಗೆ ಅವಳೇ ನೂರಾರು ಜನಕ್ಕೆ ಹೇಳಿದ್ದ ಮಾತು ಅದು. ಬೇಕಿದ್ದರೆ ಹೆಸರು ಕಾಣದ ಹಾಗೆ ಮೇಲೊಂದು ಮುಸುಕು ಹಾಕಿಸಬಹುದು, ಅದಕ್ಕೆ ಬೇರೆ ದುಡ್ಡು. ತಿದ್ದುಪಡಿಗೆ ಮಾಲೀಕರ ರುಜು, ಗುರುತಿನ ಚೀಟಿ ಫ್ಯಾಕ್ಸ್ ಆಗಬೇಕು. ಆದರೆ ಈಗಾಗಲೇ ನೋಡಿದವರು ಪ್ರಿಂಟ್ ತೆಗೆದಿಟ್ಟುಕೊಂಡಿದ್ದರೆ ನಾವೇನೂ ಮಾಡುವ ಹಾಗಿಲ್ಲ ಅಂದ.

ಫೋನು ಇಟ್ಟ ಮೇಲೆ ಅವಳು, "ಅವರ್ದು ತೆಗಿ," ಅಂದಳು. ಸಿದ್ದು ಕೆಲಸ ಮಾಡುವ ಕಾರ್ಖಾನೆಗೂ ಒಂದು ಚೆಂದದ ವೆಬ್‌ಸೈಟಿತ್ತು. ಅದರ ಹೆಸರನ್ನು ಅದೇ ಚೌಕದಲ್ಲಿ ಬಡಿದರೆ ಮನುಷ್ಯರ ಹೆಸರೇ ಇಲ್ಲ. ಯಾವುದೋ ದೇಶದ ಒಂದು ಮುಸುಕಿನ ಕಂಪನಿ, ಒಂದು ಅಂಚೆಪೆಟ್ಟಿಗೆ. ವಿಷ ಬಿಡುವವನು ಅಂಚೆಪೆಟ್ಟಿಗೆಯೊಳಗೆ ಬೆಚ್ಚಗೆ ಕೂತಿದ್ದ. ಅದನ್ನು ತೋರಿಸಿಕೊಟ್ಟವನು ಮಲ್ಲಾಜಮ್ಮನ ಅಂಗಡಿ ಪಕ್ಕ ಬಾಗಿಲು ತೆರೆದುಕೊಂಡು ಅನ್ನ ಬೇಯಿಸುತ್ತಿದ್ದ.

ಮಧ್ಯಾಹ್ನದ ಬಸ್ಸಿಗೆ ಹೊರಟಳು. ಯಾವಾಗಲೂ ಕಿಟಕಿಯ ಪಕ್ಕ ಕೂರುವವಳು ಅಂದು ಒಳಗಿನ ಸೀಟು ಹಿಡಿದಳು. ಸುತ್ತೂರಿನಲ್ಲಿ ಹತ್ತಿದ ಒಬ್ಬ ಬಿಳಿ ಷರಟಿನವನು ಎರಡು ಸಲ ಅವಳ ಕಡೆ ತಿರುಗಿದ. ಮೂರನೇ ಸಲ ತಿರುಗಿದಾಗ ಅವಳು ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಅವನು ಕೇಳಿದ್ದು ಟೈಮೆಷ್ಟು ಎಂದು. ವಾಚಿದ್ದ ಕೈಯನ್ನೇ ಮುಂದೆ ಚಾಚಿದಳು.

ಸಿದ್ದು ಕೋಣೆಯಲ್ಲೇ ಇದ್ದ. ಗೋಡೆಯಲ್ಲಿ ಬುದ್ಧನ ಪಟ, ಮೂಲೆಯಲ್ಲಿ ಸೈಕಲ್ಲು, ಸ್ಟೌವಿನ ಮೇಲೆ ಸಾರು. ಅಕ್ಕನನ್ನು ನೋಡಿ ನಕ್ಕ, ಮುಖ ನೋಡಿ ನಗು ನಿಲ್ಲಿಸಿದ. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಅವನು ನಿಧಾನಕ್ಕೆ ಸ್ಟೌ ಆರಿಸಿ ಗೋಡೆಗೆ ಒರಗಿ ಕೂತ.

"ಅದ್ಕೇ ಇರ್ಬೇಕು," ಅಂದ. "ಕಂಟ್ರಾಕ್ಟ್ರು ನಾಗೇಂದ್ರಪ್ಪ ನಾಳೆ ಬೆಳಗ್ಗೆ ಆಪೀಸ್ಗೆ ಬಾ ಅಂತ ಏಳ್ಕಳ್ಸವ್ರೆ. ಪರ್ಮನೆಂಟ್ ಮಾಡ್ತಾರೇನೋ ಅಂದ್ಕಂಡಿದ್ದೆ."

ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದ: "ಯಾಕಕ್ಕ ನನ್ನೆಸ್ರು ಬರ್ದೆ?"

"ಫಾರಂನಲ್ಲಿ ನಾಲ್ಕ್ ಜನ ಬೇಕಿತ್ತು ಕಣೋ," ಅಂದಳು ರೋಜಾ.

ಹೊರಗೆ ಅಂಗಡಿಯ ಮುಂದೆ ಒಂದು ಮೋಟಾರ್ ಬೈಕು ಬಂದು ನಿಂತಿತು. ಯಾರೋ ಬೆಂಕಿಪೊಟ್ಟಣ ಕೇಳಿದರು. ಮಲ್ಲಾಜಮ್ಮನ ದನಿ, ಗಂಡಸಿನ ದನಿ, ಮತ್ತೆ ಮಲ್ಲಾಜಮ್ಮನ ದನಿ. ಸಿದ್ದು ಎದ್ದು ಅಗುಳಿ ಹಾಕಲು ಹೋಗುವಷ್ಟರಲ್ಲಿ ಬಾಗಿಲು ಆಚೆಯಿಂದಲೇ ತೆರೆದುಕೊಂಡಿತು. ಮಲ್ಲಾಜಮ್ಮ ಮುಂದೆ, ಅವಳ ಹಿಂದೆ ಒಬ್ಬ ದಪ್ಪನೆಯ ಮನುಷ್ಯ.

"ನೋಡವ್ವ ರೋಜಾ, ನೀನೂ ಇರುವಾಗ್ಲೇ ಬಂದ್ರು. ಎಣ್ಣಿನ ಕಡೆಯೋರು, ಮನೆ ನೋಡ್ಬೇಕಂತೆ," ಅಂದಳು ಮಲ್ಲಾಜಮ್ಮ. ಅವಳ ಕೈಯಲ್ಲಿ ಆಗಲೇ ಬಂದವನಿಗೆಂದು ಒಂದು ಲೋಟ ಟೀ ಇತ್ತು.

ಅವನು ಹೊಸ್ತಿಲು ದಾಟಲಿಲ್ಲ. ನಿಂತ ಕಡೆಯಿಂದಲೇ ಪಟ ನೋಡಿದ, ಸೈಕಲ್ಲು ನೋಡಿದ, ಹಿಂಬಾಗಿಲು ಎಲ್ಲಿದೆ ಎಂದು ನೋಡಿದ. ಟೀ ತೆಗೆದುಕೊಂಡು ಪೂರಾ ಕುಡಿದ. ಲೋಟವನ್ನು ಮಲ್ಲಾಜಮ್ಮನಿಗೆ ವಾಪಸು ಕೊಟ್ಟು, ಸಿದ್ದುವಿಗೆ, "ನಾಳೆ ಬತ್ತೀಯಲ್ಲಪ್ಪ?" ಅಂದ.

ಸಿದ್ದು ತಲೆಯಾಡಿಸಿದ. ಬೈಕು ಹೊರಟುಹೋಯಿತು.

"ಮಾತು ಕಮ್ಮಿ. ಒಳ್ಳೆ ಮನೆತನ ಅನ್ಸುತ್ತೆ," ಅಂದಳು ಮಲ್ಲಾಜಮ್ಮ.

ಮರುದಿನ ಬೆಳಗ್ಗೆ ತಮ್ಮನ ಜೊತೆ ರೋಜಾ ಹೋದಳು. ಸಿದ್ದು ಬೇಡ ಅಂದರೂ ಕೇಳಲಿಲ್ಲ. ಅವಳೊಂದು ತೀರ್ಮಾನ ಮಾಡಿಕೊಂಡಿದ್ದಳು. ಸುಳ್ಳು ಹೇಳುವುದು. ಬರೆದ ಕೈ ಅವಳದು, ಅಳಿಸಬೇಕಾದ ಕೈಯೂ ಅವಳದೇ.

ಗುತ್ತಿಗೆದಾರ ನಾಗೇಂದ್ರಪ್ಪನ ಆಫೀಸು ಕಾರ್ಖಾನೆಯ ಗೇಟಿನ ಆಚೆ ಒಂದು ಕೋಣೆ. ಮೇಜಿನ ಮೇಲೆ ಆ ಪುಟದ ಪ್ರಿಂಟ್ ಇತ್ತು, ಸಿದ್ದುವಿನ ಹೆಸರಿನ ಕೆಳಗೆ ಹಸಿರು ಗೆರೆ. ನಾಗೇಂದ್ರಪ್ಪ ಸಣ್ಣಗೆ, ಕನ್ನಡಕ ಹಾಕಿಕೊಂಡು, ಮೇಷ್ಟರ ಹಾಗಿದ್ದ. ನೆನ್ನೆಯ ದಪ್ಪ ಮನುಷ್ಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

"ಇದು ನೀನೇನಪ್ಪ?" ಎಂದು ಕೇಳಿದ ನಾಗೇಂದ್ರಪ್ಪ.

ಸಿದ್ದು ಬಾಯಿ ತೆರೆಯುವ ಮೊದಲೇ ರೋಜಾ ಹೇಳಿದಳು. "ಅವನಿಗೇನೂ ಗೊತ್ತಿಲ್ಲ ಸಾ. ನಾಲ್ಕೆಸ್ರು ಬೇಕಿತ್ತು, ನಾನೇ ಸುಳ್ಳುಸುಳ್ಳೇ ತುಂಬ್ದೆ. ತಮ್ಮನ್ನ ಕೇಳ್ನಿಲ್ಲ. ಪೋಟೋ ಯಾರೋ ದಾರೀಲಿ ಓಗೋರು ತಂದ್ಕೊಟ್ರು."

ನಾಗೇಂದ್ರಪ್ಪ ಕನ್ನಡಕ ತೆಗೆದು ಅವಳನ್ನು ದಿಟ್ಟಿಸಿದ. "ನೀವು ನರಸೀಪುರದ ರೋಜಮ್ಮ ಅಲ್ವಾ? ತಾಲ್ಲೂಕು ಆಫೀಸ್ ಎದ್ರು ಕೂರೋರು?"

ಅವಳು ಹೂಂಗುಟ್ಟಿದಳು.

"ನಮ್ಮವ್ವನ ವಿಧವಾ ವೇತನದ ಅರ್ಜಿ ನೀವೇ ಮಾಡ್ಕೊಟ್ಟಿದ್ದು. ಯಾರ್ಯಾರೋ ಬರ್ದಿದ್ದು ವಾಪಸ್ ಬಂದಿತ್ತು. ನಿಮ್ ಕೈಲಿ ಒಂದೇ ಸಲಕ್ಕೆ ಆಯ್ತು. ಹಿತ್ಲಲ್ಲಿ ನುಗ್ಗೆ ಮರ ಇರೋದನ್ನೂ ಬಿಟ್ಟಿರ್ನಿಲ್ಲ ನೀವು." ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. "ನೀವು ಸುಳ್ಳು ವಿಳಾಸ ಬರೀತೀರಿ ಅಂದ್ರೆ ನಾನ್ ನಂಬಲ್ಲಮ್ಮ. ಇಡೀ ನರಸೀಪುರ ನಂಬಲ್ಲ."

ಇಷ್ಟು ವರ್ಷ ಒಂದೊಂದೇ ಕಾಗದ ಕೂಡಿಸಿ ಗಳಿಸಿಕೊಂಡ ಹೆಸರು ಈಗ ತಮ್ಮನ ಕುತ್ತಿಗೆಗೆ ಬಂದಿತ್ತು. "ನಂಬಿ ಸಾ," ಅಂದಳು. "ನನ್ ತಮ್ಮನ ಆಣೆ. ನಾನ್ ಸುಳ್ಳು ಬರೆಯೋಳು."

ನಾಗೇಂದ್ರಪ್ಪ ಕನ್ನಡಕ ಹಾಕಿಕೊಂಡ. "ನಾನ್ ನಂಬೋದೇನೂ ಬೇಕಾಗಿಲ್ಲ. ಇದನ್ನೇ ಬರ್ಕೊಡಿ. ಆ ಫಾರಂನಲ್ಲಿ ಇರೋದೆಲ್ಲ ಸುಳ್ಳು, ನಾನೇ ಬರ್ದೆ ಅಂತ. ಪೂರಾ ವಿಳಾಸ ಹಾಕಿ ರುಜು ಮಾಡಿ." ಒಂದು ಬಿಳಿ ಹಾಳೆ ಮುಂದೆ ತಳ್ಳಿದ.

ಅವಳು ಬರೆದಳು. ಸಿದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅದು ನನ್ನದೇ ಹೆಸರು, ಅಕ್ಕ ಬರೆದದ್ದು ನಿಜ ಎಂದು ಅವನು ಹೇಳಿಬಿಟ್ಟರೆ ಎಂದು ಅವಳು ಅವನ ಕಡೆಯೇ ಕಿವಿ ಇಟ್ಟು ಬರೆಯುತ್ತಿದ್ದಳು. ಅವನು ಹೇಳಲಿಲ್ಲ. ರುಜು ಹಾಕಿ ಮುಗಿಸಿದ ಮೇಲೆ, ಹೇಳಲಿಲ್ಲವಲ್ಲ ಎಂದೂ ಒಂದು ಕ್ಷಣ ನೋವಾಯಿತು. ತನ್ನ ಮೇಲೆ ತನಗೇ ಸಿಟ್ಟು ಬಂತು.

ಕಾಗದ ಓದಿ ಮಡಚಿಟ್ಟುಕೊಂಡು ನಾಗೇಂದ್ರಪ್ಪ ಹೇಳಿದ: "ಹುಡುಗ ಕೆಲ್ಸ ಬಲ್ಲೋನು. ಅವನನ್ನ ಯಾಕ್ ಕಳ್ಕೊಳ್ಳೋಣ? ಇವತ್ತಿಂದ ಹಿಂದಿನ ಪೈಪಿನ ವಾಲ್ವು ಇವನ ಕೈಗೆ. ತೆಗೆಯೋದೂ ಇವನೇ, ಮುಚ್ಚೋದೂ ಇವನೇ. ಮುಂದೆ ಅಲ್ಲಿಂದ ಒಂದು ಫೋಟೋ ಆಚೆ ಬಂದ್ರೆ, ಯಾರ ಕಡೆಯಿಂದ ಬಂತು ಅಂತ ನಾವು ಹುಡುಕ್ಬೇಕಾಗಿಲ್ಲ. ಮನೆ ಗೊತ್ತಿದೆ."

ಅಷ್ಟೇ. ಯಾರೂ ಕೈ ಎತ್ತಲಿಲ್ಲ, ದನಿ ಏರಿಸಲಿಲ್ಲ. ದಪ್ಪ ಮನುಷ್ಯ ಬಾಗಿಲು ಬಿಟ್ಟು ಸರಿದು ನಿಂತ. ಸಿದ್ದು ಅಕ್ಕನ ಮುಖ ನೋಡದೆ ಗೇಟಿನ ಒಳಗೆ ಹೋದ.

ಆ ಕಾಗದದ ನಕಲು ಮೈಸೂರಿಗೂ, ಅಲ್ಲಿಂದ ಹೆಸರು ನೋಂದಾಯಿಸುವ ಕಂಪನಿಗೂ ಹೋಯಿತು. ಸುಳ್ಳು ಮಾಹಿತಿ ಕೊಟ್ಟರೆ ರದ್ದು ಎಂಬುದು ಅವರ ನಿಯಮ, ಕೊಟ್ಟವಳೇ ಒಪ್ಪಿಕೊಂಡಿದ್ದಾಳೆ. ತಿಂಗಳು ಕಳೆಯುವುದರೊಳಗೆ ವೆಬ್‌ಸೈಟು ಮಾಯವಾಯಿತು. ಇನ್ನೊಂದು ನಕಲು ತಾಲ್ಲೂಕು ಕಚೇರಿಗೆ ಬಂತು. ನದಿಯ ನೀರಿನ ಬಗ್ಗೆ ಅಲ್ಲಿದ್ದ ಹಳೆಯ ಅರ್ಜಿಗಳ ಮೇಲೆ, ವಿಳಾಸ ವಿಶ್ವಾಸಾರ್ಹವಲ್ಲ ಎಂದು ಷರಾ ಬಿತ್ತು. ಗುಮಾಸ್ತರು ಅವಳ ಕಾಗದ ಬಂದರೆ, "ಇದಾದ್ರೂ ಇರೋ ಮನುಷ್ಯನದಾ ರೋಜಮ್ಮ?" ಎಂದು ತಮಾಷೆ ಮಾಡತೊಡಗಿದರು. ಅವಳು ನಗುತ್ತಿದ್ದಳು. ವೆಬ್‌ಸೈಟು ಹೋದ ಸುದ್ದಿಯನ್ನು ರಂಗನಾಯಕನಿಗೆ ಹೇಳಿದಾಗ ಅವನು, "ಓಗ್ಲಿ ಬುಡವ್ವ, ಇನ್ನೊಂದ್ ಅರ್ಜಿ ಬರಿ," ಅಂದ. ಬರೆದುಕೊಡುತ್ತೇನೆ ಅಂದಳು, ನಾಳೆ ನಾಳೆ ಎಂದು ತಳ್ಳಿದಳು. ಸಿದ್ದುವಿನ ವಿಷಯ ಹೇಳಲಿಲ್ಲ.

ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ, ನಿಜವಾಗಿ ಅಲ್ಲಿಂದ ಶುರುವಾಯಿತು. ಅಡ್ರೆಸ್ಸು ಕೇಳುವವರನ್ನು ಕಂಡರೆ ಅವಳು ಬೆದರುತ್ತಿದ್ದಳು. ಬೈಕು ನಿಂತ ಸದ್ದಿಗೆ ಟೈಪು ತಪ್ಪುತ್ತಿತ್ತು. ಮಲ್ಲಾಜಮ್ಮನಿಗೆ ಯಾರು ಕೇಳಿದರೂ ಏನೂ ಹೇಳಬೇಡಿ ಎಂದು ಕೇಳಿಕೊಂಡಳು. ಒಳ್ಳೆ ಸಂಬಂಧ ತಪ್ಪಿಸಿಬಿಟ್ಟೆ ಎಂದು ಮಲ್ಲಾಜಮ್ಮ ಅವಳ ಮೇಲೇ ಮುನಿಸಿಕೊಂಡಳು. ಸಿದ್ದು ಫೋನಿನಲ್ಲಿ ಮಾತು ಕಡಿಮೆ ಮಾಡಿದ. ಇದ್ದೀನಿ, ಉಂಡೆ, ಇಡ್ತೀನಿ, ಅಷ್ಟೇ.

ಆಗ ಅವಳಿಗೊಂದು ಅಭ್ಯಾಸ ಬಿತ್ತು. ಬೆಳಗ್ಗೆ ಕಚೇರಿಗೆ ಹೋಗುವ ಮೊದಲು ನದಿಗೆ ಹೋಗಿ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ನಂಜನಗೂಡಿನಲ್ಲಿ ಬಿಟ್ಟದ್ದು ಇಲ್ಲಿಗೆ ಬರಲು ಒಂದು ದಿನ. ನೀರಿನಲ್ಲಿ ಕಮಟು ವಾಸನೆ ಇದ್ದರೆ, ದಡಕ್ಕೆ ಹಳದಿ ನೊರೆ ಅಂಟಿದ್ದರೆ, ನೆನ್ನೆ ಸಿದ್ದು ವಾಲ್ವು ತೆಗೆದಿದ್ದಾನೆ. ಅಂದರೆ ಕೆಲಸಕ್ಕೆ ಹೋಗಿದ್ದಾನೆ. ಅಂದರೆ ಹಳ್ಳದ ದಾರಿಯಲ್ಲಿ ಅವನಿಗೆ ಯಾರೂ ಏನೂ ಮಾಡಿಲ್ಲ. ನೊರೆ ಕಂಡರೆ ಅವಳಿಗೆ ಉಸಿರು ಹಗುರವಾಗುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಸ್ವಲ್ಪ ಹೊತ್ತು ನಿಂತು, ಕೆಲಸಕ್ಕೆ ಹೋಗುತ್ತಿದ್ದಳು. ಇದು ಎಂಥ ನೀಚ ಸಮಾಧಾನ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಹೋಗುತ್ತಿದ್ದಳು.

ಒಂದು ದಿನ ಬೆಳಗ್ಗೆ ಮೆಟ್ಟಿಲಿಗೆ ಬಂದರೆ ನೀರು ತಿಳಿಯಾಗಿತ್ತು. ತಳದ ಕಲ್ಲು ಕಾಣುತ್ತಿತ್ತು. ವಾಸನೆ ಇಲ್ಲ. ಬಗ್ಗಿ ಬೊಗಸೆಯಲ್ಲಿ ಎತ್ತಿ ಮೂಸಿದಳು, ಇಲ್ಲ.

ಕೆಳಗಿನಿಂದ ರಂಗನಾಯಕ ಹರಿಗೋಲು ತಳ್ಳಿಕೊಂಡು ಬಂದ. ಅವನ ಮುಖ ಅಷ್ಟು ಗೆಲುವಾಗಿದ್ದನ್ನು ಅವಳು ನೋಡಿರಲೇ ಇಲ್ಲ. ಒಂದು ಚೀಲ ಎತ್ತಿ ತೋರಿಸಿದ, ಒಳಗೆ ಮೀನು ಒದ್ದಾಡುತ್ತಿದ್ದವು.

"ನೋಡವ್ವ, ನೀರು ಎಂಗದೆ. ನಿನ್ ಅರ್ಜಿಗೆ ಕಡೆಗೂ ಯಾರೋ ಕಣ್ಬುಟ್ರು ಅಂತ ಕಾಣ್ತದೆ. ತಕ್ಕೋ, ಇದು ನಿಂಗೆ," ಅಂದ.

ರೋಜಾ ಚೀಲ ಮುಟ್ಟಲಿಲ್ಲ. ಮೆಟ್ಟಿಲು ಹತ್ತಿ ಓಡಿದಳು. ಚಪ್ಪಲಿ ಒಂದು ಅಲ್ಲೇ ಉಳಿಯಿತು. ಬಸ್ ಸ್ಟ್ಯಾಂಡಿನ ಬೂತಿನೊಳಗೆ ನುಗ್ಗಿ ನಂಬರು ಒತ್ತುವಾಗ ಬೆರಳು ಮೂರು ಸಲ ತಪ್ಪಿತು. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು. ಅವಳ ಕಣ್ಣಿಗೆ ಹಳ್ಳದ ದಾರಿ, ಬಿದ್ದ ಸೈಕಲ್ಲು ಎಲ್ಲ ಬಂದುಹೋದವು.

ಮಲ್ಲಾಜಮ್ಮ ಎತ್ತಿದಳು. "ಇದಾನೆ ಕಣವ್ವ, ಮಲ್ಗವ್ನೆ. ಮಿಶಿನ್ನು ಕೆಟ್ಟೋಗದಂತೆ, ಎರಡ್ ದಿಸದಿಂದ ಕಾರ್ಖಾನೆ ರಜಾ."

ರೋಜಾ ಬೂತಿನ ಗೋಡೆ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಮತ್ತೆ ಯಾವಾಗ ಶುರು ಮಾಡ್ತಾರಂತೆ?"

"ನಾಳೆಯಿಂದ ಅಂದ."

"ಸದ್ಯ," ಅಂದಳು ರೋಜಾ, ಗಟ್ಟಿಯಾಗಿ. "ಸದ್ಯ, ನಾಳೆಯಿಂದ ನೊರೆ ಬುಡ್ತಾನಲ್ಲ. ಅಷ್ಟು ಸಾಕು."

ಫೋನು ಇಟ್ಟು ತಿರುಗಿದರೆ ಬೂತಿನ ಬಾಗಿಲಲ್ಲಿ ರಂಗನಾಯಕ ನಿಂತಿದ್ದ. ಒಂದು ಕೈಯಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಮೀನಿನ ಚೀಲ. ಏನಾಯಿತೋ ಎಂದು ಅವಳ ಹಿಂದೆಯೇ ಓಡಿ ಬಂದಿದ್ದ. ಅವನಿಗೆ ಎಲ್ಲ ಕೇಳಿಸಿತ್ತು.